ಕುವೈತಿಗೆ ಹೋದ ಮೆಸೇಜು

ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಕಳೆದ ವಾರ ಫೋನ್ ಮಾಡಿ, "ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಎಂತ ಉಂಟು? ಎಲ್ಲ ಆ್ಯಪ್ಪೇ ಮಾಡ್ತದಲ್ಲ?" ಎಂದು ಕೇಳಿದಳು. ಹೌದಮ್ಮಾ, ಎಲ್ಲ ಅದೇ ಮಾಡುತ್ತದೆ, ನೀನು ಚಹಾ ಕುಡಿದುಕೊಂಡು ಕೂತಿರು ಎಂದು ಹೇಳಿ ಫೋನಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆಮೇಲೆ ಪಾಪ ಎನಿಸಿತು. ಕೇಳಿದ್ದು ತಪ್ಪಲ್ಲ, ಹೇಳದೆ ಬಿಟ್ಟದ್ದು ತಪ್ಪು. ಅವಳಿಗೂ ಅವಳ ನಂತರ ಬರುವವರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಕಾರ್ಮಿನ್, ಊರು ಸಂತೆಕಟ್ಟೆ. ಉಡುಪಿಯ ಕಡಿಯಾಳಿಯಲ್ಲಿ ಒಂದು ಮಹಡಿ ಕೋಣೆಯಲ್ಲಿದ್ದ ಮಕ್ಕಳ ಗಾಳ ಕ್ಲಬ್ಬಿನ ಆಫೀಸನ್ನು ನಿವೃತ್ತಿಯವರೆಗೆ ನೋಡಿಕೊಂಡವಳು ನಾನು. ಶಾಲೆಯ ಮಕ್ಕಳಿಗೆ ಗಾಳ ಹಾಕಿ ಮೀನು ಹಿಡಿಯಲು ಕಲಿಸುವ ಕ್ಲಬ್ ಅದು. ಹೊಸಬರಿಗೆ ಮಣಿಪಾಲದ ಕೆರೆ, ಸ್ವಲ್ಪ ಪಳಗಿದವರಿಗೆ ಹೊಳೆ ದಂಡೆ, ಚೆನ್ನಾಗಿ ಕಲಿತವರಿಗೆ ಕಾಪುವಿನ ಬಂಡೆಗಳು. ನಾನು ಒಂದು ದಿನವೂ ಗಾಳ ಹಿಡಿದವಳಲ್ಲ. ಮೀನಿನ ವಿಷಯದಲ್ಲಿ ನನ್ನ ಜ್ಞಾನವೆಲ್ಲ ಸಾರಿನ ಪಾತ್ರೆಯಿಂದ ಈಚೆಗಿನದು. ಗಾಳ ಕಲಿಸುತ್ತಿದ್ದವರು ಕಾಪುವಿನ ಲೋಕನಾಥ ಸಾಲಿಯಾನ್, ನಮಗೆಲ್ಲ ಲೋಕಣ್ಣ. ಅವರಿಗೂ ಮಕ್ಕಳ ಮನೆಯವರಿಗೂ ನಾನು ‘ಬಾಯಿ’, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಯಾವ ಮಗು ಎಲ್ಲಿಗೆ ಬರಬೇಕು, ಯಾರು ಕರೆತರುತ್ತಾರೆ, ಬಾರದಿದ್ದರೆ ಯಾಕೆ ಬರಲಿಲ್ಲ, ಇದು ನನ್ನ ಕೆಲಸ.

ಆ್ಯಪ್ ಬರುವ ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು. ಆ ಕಾಲ ಬಹಳ ಚೆನ್ನಾಗಿತ್ತು ಎನ್ನುವವರು ಆ ಕೆಲಸ ಮಾಡಿದವರಲ್ಲ. ಶನಿವಾರ ಸಂಜೆ ಲೋಕಣ್ಣ ಕಡಲು ನೋಡಿ ಬಂದು ನನಗೆ ಫೋನ್ ಮಾಡುತ್ತಿದ್ದರು. "ಬಾಯಿ, ನಾಳೆ ಬೇಡ. ಅಲೆ ಬಂಡೆ ಹತ್ತುತ್ತಾ ಉಂಟು." ಆ ಮೇಲೆ ನಾನು ಒಂದೊಂದೇ ಮನೆಗೆ ಫೋನ್ ಹಚ್ಚಬೇಕು. ಒಂದು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಇನ್ನೊಂದರಲ್ಲಿ ಅಜ್ಜಿ ಎತ್ತಿ, "ಯಾರು? ಎಂತ ಮೀನು? ನಮಗೆ ಬೇಡ" ಎಂದು ಇಟ್ಟುಬಿಡುತ್ತಾರೆ. ಹೀಗೆ ಸುದ್ದಿ ಸಿಗದ ಕಾರ್ಕಳದ ಮಕ್ಕಳು ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ಬಂದು ಕಾಪು ಪೇಟೆಯಲ್ಲಿ ಗಾಳದ ಕೋಲು ಹಿಡಿದು ನಿಂತಿರುತ್ತಿದ್ದರು. ಅವರನ್ನು ಲೋಕಣ್ಣ ತಮ್ಮ ಮನೆಗೆ ಕರೆದುಕೊಂಡು ಹೋಗಿ ಗಂಜಿ ಕುಡಿಸಿ ವಾಪಸು ಬಸ್ಸು ಹತ್ತಿಸುತ್ತಿದ್ದರು. ತಾಯಂದಿರಿಂದ ಬೈಸಿಕೊಳ್ಳುವುದು ಮಾತ್ರ ನನ್ನ ಪಾಲಿಗೆ ಇರುತ್ತಿತ್ತು. ಮಕ್ಕಳು ವರ್ಷ ವರ್ಷ ಕಡಿಮೆಯಾಗುತ್ತಾ ಬಂದರು. ಇನ್ನು ಬಾಗಿಲು ಹಾಕುವುದೇ ಒಳ್ಳೆಯದು ಎಂದು ಸಮಿತಿಯಲ್ಲಿ ಮಾತು ಬಂದಿತ್ತು.

ಆಗ ಅಧ್ಯಕ್ಷರಾಗಿ ಬಂದವರು ಕಾರ್ಕಳದ ಹೆಗ್ಡೆಯವರು. ಕೆಟ್ಟ ಮನುಷ್ಯರಲ್ಲ, ಆದರೆ ಯಾವುದು ಬೆಳೆಯುತ್ತಿಲ್ಲವೋ ಅದು ಸತ್ತಿದೆ ಎಂದು ನಂಬಿದವರು. ಮಣಿಪಾಲದಲ್ಲಿ ಓದು ಮುಗಿಸಿ ಅಲ್ಲೇ ಸಣ್ಣ ಕಂಪನಿ ತೆರೆದಿದ್ದ ನಿಖಿಲ್ ಎಂಬ ಹುಡುಗನನ್ನು ಹಿಡಿದುಕೊಂಡು ಬಂದರು. ಅವನು ನಮ್ಮ ಕ್ಲಬ್ಬಿಗೆಂದೇ ಒಂದು ಆ್ಯಪ್ ಮಾಡಿದ. ಪ್ರವೇಶ, ಶುಲ್ಕ, ಹಾಜರಿ, ಕಡಲಿನ ಭರತ ಇಳಿತದ ಹೊತ್ತು, ರದ್ದಾದರೆ ಎಲ್ಲರಿಗೂ ಒಂದೇ ಸಲ ಮೆಸೇಜು. ಇದರಿಂದ ನನ್ನ ಶನಿವಾರದ ಸಂಜೆಗಳು ನನಗೆ ವಾಪಸು ಬಂದವು. ಅಷ್ಟರ ಮಟ್ಟಿಗೆ ಆ ಹುಡುಗನ ಹೊಟ್ಟೆ ತಣ್ಣಗಿರಲಿ.

ಶುರುವಿಗೆ ಎಡವಟ್ಟುಗಳೂ ಆದವು. ಮೀನು ಹಿಡಿದ ಫೋಟೊ ಹಾಕಿದ ಮಗುವಿಗೆ ಅಂಕ ಕೊಡುವ ಏರ್ಪಾಡು ಮಾಡಿದ್ದರು. ಒಬ್ಬ ಹುಡುಗ ವಾರಕ್ಕೊಂದು ದೊಡ್ಡ ಕಾಣೆ ಮೀನಿನ ಫೋಟೊ ಹಾಕಿ ಎಲ್ಲರಿಗಿಂತ ಮೇಲೆ ಹೋದ. ಅಧ್ಯಕ್ಷರು ಅವನಿಗೆ ಬಹುಮಾನ ಕೊಡುವ ಹುರುಪಿನಲ್ಲಿದ್ದರು. ಕಡೆಯ ಫೋಟೊದಲ್ಲಿ ಮೀನಿನ ಹೊಟ್ಟೆ ಸೀಳಿ ಚೊಕ್ಕ ಮಾಡಿ ಆಗಿತ್ತು. "ಹೆಗ್ಡೆಯವರೇ, ಇದು ಸಾರಿಗೆ ತಯಾರಾಗಿಯೇ ಗಾಳಕ್ಕೆ ಬಿದ್ದ ಮೀನು" ಎಂದು ನಾನು ಹೇಳಿದೆ. ಅವರು ನಗಲಿಲ್ಲ. ನಂತರ ಫೋಟೊ ತೆಗೆಯುವ ಹಕ್ಕು ಲೋಕಣ್ಣನಿಗೆ ಮಾತ್ರ ಎಂದಾಯಿತು. ಮಗು ಮೀನು ಎತ್ತಿದ ಕೂಡಲೇ ಅವರು ತಮ್ಮ ಫೋನಿನಲ್ಲಿ ತೆಗೆಯುತ್ತಿದ್ದರು, ಅದು ಆ ಕ್ಷಣವೇ ಪೋಷಕರ ಫೋನಿಗೆ ಹೋಗುತ್ತಿತ್ತು.

ಕ್ಲಬ್ಬು ಬೆಳೆದದ್ದು ಈ ಫೋಟೊದಿಂದ. ಅಧ್ಯಕ್ಷರು ಸಭೆಯಲ್ಲಿ ಗೋಡೆಗೆ ಬೆಳಕು ಬಿಟ್ಟು ಮಕ್ಕಳ ಸಂಖ್ಯೆ ಏರುವ ಗೆರೆ ತೋರಿಸುತ್ತಿದ್ದರು, ಆ ಗೆರೆ ಏರಿದ್ದು ಉಡುಪಿಯಲ್ಲಿ ಅಲ್ಲ, ಗಲ್ಫಿನ ಕುವೈತ್, ಮಸ್ಕತ್, ಜುಬೈಲ್‌ಗಳಲ್ಲಿ. ನಮ್ಮ ಕಡೆಯ ಗಂಡಸರು ಅಲ್ಲಿ ದುಡಿಯಲು ಹೋಗಿ ಒಂದೇ ಕೋಣೆಯಲ್ಲಿ ಮಂಚದ ಮೇಲೊಂದು ಮಂಚ ಹಾಕಿ ಮಲಗುತ್ತಾರೆ. ಅವರಲ್ಲಿ ಒಬ್ಬನ ಫೋನಿಗೆ ಮಗಳು ಮೀನು ಎತ್ತಿ ಹಿಡಿದ ಫೋಟೊ ಬರುತ್ತದೆ. ಅವನು ಅದನ್ನು ಮೇಲಿನ ಮಂಚದವನಿಗೆ ತೋರಿಸುತ್ತಾನೆ. ಮರುದಿನ ಮೇಲಿನ ಮಂಚದವನಿಂದ ನನಗೆ ಫೋನ್. "ಬಾಯಿ, ನನ್ನ ಮಗನನ್ನೂ ಸೇರಿಸಿಕೊಳ್ಳಿ. ಇಲ್ಲಿಂದಲೇ ದುಡ್ಡು ಹಾಕ್ತೇನೆ." ಮಗ ಯಾವ ತರಗತಿ ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿ ಹೇಳುವ ತಂದೆಯರೂ ಇದ್ದರು. ಅವರಿಗೆ ಆ ಫೋಟೊ ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗುತ್ತಿತ್ತು, ನನ್ನ ಗಂಡನೂ ಹಾಗೆಯೇ ದುಡಿದು ಬಂದವರು.

ದಿಶಾ ಸೇರಿದ್ದೂ ಹೀಗೆಯೇ. ಕಾರ್ಕಳದ ಹುಡುಗಿ, ಏಳನೇ ತರಗತಿ. ತಂದೆ ಉಮೇಶ್ ಕುವೈತಿನಲ್ಲಿ ತೈಲ ಶುದ್ಧೀಕರಣ ಘಟಕದಲ್ಲಿ ವೆಲ್ಡರ್. ತಾಯಿ ಸುಜಾತಾ ಮಗಳನ್ನು ಕರೆದುಕೊಂಡು ಕಡಿಯಾಳಿಗೆ ಬಂದಿದ್ದರು. ಆ್ಯಪ್‌ನಲ್ಲಿ ಪೋಷಕರ ನಂಬರಿಗೆ ಒಂದೇ ಜಾಗ ಇತ್ತು. ನಾನು ಸುಜಾತಾ ಅವರದನ್ನು ಕೇಳಿದೆ.

"ನನ್ನದು ಬೇಡ ಬಾಯಿ, ಅವರದು ಹಾಕಿ."

"ಅವರು ದೂರ ಇದ್ದಾರಲ್ಲ. ಏನಾದರೂ ಇದ್ದರೆ ನಿಮಗೆ ಗೊತ್ತಾಗುವುದು ಒಳ್ಳೆಯದು."

"ಫೋಟೊ ಅವರಿಗೆ ಮೊದಲು ಹೋಗಲಿ. ನಾನು ಇವಳನ್ನು ದಿನಾ ನೋಡ್ತೇನೆ. ಅವರಿಗೆ ಅಲ್ಲಿ ಬೇರೆ ಎಂತ ಉಂಟು?"

ದಿಶಾ ಪಕ್ಕದಲ್ಲಿ ನಿಂತು, "ಪಪ್ಪ ನೋಡಿ ನನಗೆ ಹೇಳ್ತಾರೆ, ನಾನು ಅಮ್ಮನಿಗೆ ಹೇಳ್ತೇನೆ" ಎಂದು ತನ್ನ ಲೆಕ್ಕಾಚಾರ ಹೇಳಿದಳು. ನಾನು ಕುವೈತಿನ ನಂಬರ್ ಹಾಕಿದೆ. ಇದು ಅವರೊಬ್ಬರ ಕಥೆಯಲ್ಲ. ನಮ್ಮ ಕಡೆ ಹೆಂಗಸರು ಯಾವ ಅರ್ಜಿಯಲ್ಲೂ ಗಂಡನ ನಂಬರನ್ನೇ ಕೊಡುತ್ತಾರೆ. ಮನೆಯ ಯಜಮಾನ ಎಂಬ ಮರ್ಯಾದೆ ಒಂದು, ಅಷ್ಟು ದೂರದಲ್ಲಿ ಒಬ್ಬರೇ ಇದ್ದಾರೆ ಎಂಬ ಮರುಕ ಇನ್ನೊಂದು. ಅದನ್ನು ದಡ್ಡತನ ಎಂದು ಹೇಳುವವರ ಜೊತೆ ನಾನು ಜಗಳವಾಡಿದ್ದೇನೆ.

ದಿಶಾ ಬಹಳ ಬೇಗ ಕಲಿತಳು. ಲೋಕಣ್ಣನಿಗೆ ಅವಳೆಂದರೆ ವಿಶೇಷ ಪ್ರೀತಿ. "ಇವಳಿಗೆ ಸುಮ್ಮನೆ ಕೂರಲಿಕ್ಕೆ ಗೊತ್ತುಂಟು ಬಾಯಿ, ಬಾಕಿಯವರಿಗೆ ಅದೇ ಬರುವುದಿಲ್ಲ" ಎನ್ನುತ್ತಿದ್ದರು. ಮಳೆಗಾಲ ಮುಗಿದು, ಸಮುದ್ರ ಪೂಜೆ ಆಗಿ, ದೋಣಿಗಳು ಇಳಿದ ಮೇಲೆ ಅವಳು ಕಾಪುವಿನ ಬಂಡೆಗೆ ಹೋಗುವ ಗುಂಪಿಗೆ ಸೇರಿದಳು.

ಅದು ಒಂದು ಭಾನುವಾರದ ಬೆಳಗ್ಗೆ. ಕಡಲು ಶಾಂತವಾಗಿತ್ತು, ಆ್ಯಪ್ಪೂ ಹಾಗೆಯೇ ಹೇಳಿತ್ತು, ಲೋಕಣ್ಣನ ಕಣ್ಣೂ ಹಾಗೆಯೇ ಹೇಳಿತ್ತು. ಮಕ್ಕಳೆಲ್ಲ ಲೈಫ್ ಜಾಕೆಟ್ ಹಾಕಿದ್ದರು. ಎಲ್ಲಿಂದಲೋ ಒಂದು ದೊಡ್ಡ ಅಲೆ ಬಂತು. ಕಡಲು ಹಾಗೆ ಮಾಡುತ್ತದೆ ಎಂದು ಅಲ್ಲಿನವರಿಗೆಲ್ಲ ಗೊತ್ತು, ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಬೇರೆ ಮಕ್ಕಳು ಬಂಡೆ ತಬ್ಬಿ ಉಳಿದರು. ದಿಶಾ ಜಾರಿ ಬಿದ್ದಳು. ಮುಳುಗಲಿಲ್ಲ, ಜಾಕೆಟ್ ಅವಳನ್ನು ಎತ್ತಿಯೇ ಹಿಡಿದಿತ್ತು. ಮುಂದಿನ ಅಲೆ ಅವಳನ್ನು ತಂದು ಬಂಡೆಗೆ ಬಡಿಯಿತು. ಲೋಕಣ್ಣ ಹಾರಿ ಎತ್ತಿಕೊಂಡು ಬಂದರು. ಅವರ ಜೊತೆಗಿದ್ದ ಇನ್ನೊಬ್ಬ ತರಬೇತುದಾರ ಆ್ಯಪ್‌ನ ಕೆಂಪು ಗುಂಡಿ ಒತ್ತಿದ.

ಆ ಗುಂಡಿ ಒತ್ತಿದರೆ ಮೂರು ಕಡೆಗೆ ಸುದ್ದಿ ಹೋಗುತ್ತದೆ, ಆಂಬ್ಯುಲೆನ್ಸಿಗೆ, ಆಫೀಸಿಗೆ, ಪೋಷಕರಿಗೆ. ಆಂಬ್ಯುಲೆನ್ಸ್ ಯಾರನ್ನೂ ದಾರಿ ಕೇಳದೆ ನೇರ ಬಂಡೆಯ ಬಳಿಗೆ ಬಂತು. ಹಳೆಯ ಕಾಲದಲ್ಲಾದರೆ ಕಾಪು ಪೇಟೆಯಲ್ಲಿ ಕೇಳಿಕೊಂಡು ತಿರುಗಬೇಕಿತ್ತು. ಆಫೀಸಿನಲ್ಲಿ ನನ್ನ ಫೋನೂ ಕೂಗಿತು. ಪರದೆಯ ಮೇಲೆ, ಪೋಷಕರಿಗೆ ತಲುಪಿದೆ ಎಂದು ಹಸಿರು ಅಕ್ಷರದಲ್ಲಿ ಬಂತು.

ಸ್ವಲ್ಪ ಹೊತ್ತಿನಲ್ಲಿ ಆಂಬ್ಯುಲೆನ್ಸಿನೊಳಗಿಂದ ಲೋಕಣ್ಣನ ಫೋನ್. "ಬಾಯಿ, ಮಣಿಪಾಲಕ್ಕೆ ಹೋಗ್ತಾ ಇದ್ದೇವೆ. ಮಗುವಿಗೆ ಪ್ರಜ್ಞೆ ಉಂಟು. ಅಮ್ಮ ಎಲ್ಲಿ, ಅಮ್ಮನಿಗೆ ಹೇಳಿ ಅಂತ ಕೇಳ್ತಾ ಇದ್ದಾಳೆ. ಅಮ್ಮನಿಗೆ ಹೇಳಿದಿರಾ?"

ಹೇಳ್ತೇನೆ ಎಂದು ಫೋನಿಟ್ಟು ಕುವೈತಿಗೆ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಹಚ್ಚಿದೆ. ಅಲ್ಲಿ ಭಾನುವಾರ ರಜೆಯಲ್ಲ. ಘಟಕದ ಗೇಟಿನಲ್ಲೇ ಕೆಲಸಗಾರರ ಫೋನ್ ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ದಿಶಾಳಿಗೆ ಏನಾಯಿತು ಎಂಬ ಸುದ್ದಿ ಆ ಪೆಟ್ಟಿಗೆಯೊಳಗೆ ಇತ್ತು. ಅವಳ ತಾಯಿ ಕಾರ್ಕಳದ ಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಬಂಗುಡೆ ಮೀನು ಕೊಯ್ಯುತ್ತಾ ಕೂತಿದ್ದರು.

ಆ ದಿನ ಬಂದಿದ್ದ ಕಾರ್ಕಳದ ಬೇರೆ ಮಕ್ಕಳ ಮನೆಯವರಾದರೂ ಹೋಗಿ ಹೇಳಲಿ ಎಂದು ಆ ನಂಬರುಗಳನ್ನು ತೆಗೆದೆ. ಒಂದು ಮಸ್ಕತ್. ಒಂದು ಜುಬೈಲ್. ಇನ್ನೊಂದು ಮುಂಬೈಯ ಹೋಟೆಲಿನ ಕ್ಯಾಶಿಯರ್, ಅವರು ಎತ್ತಿದರು, "ಅಯ್ಯೋ, ನನಗೆ ಅವರ ಮನೆ ಗೊತ್ತಿಲ್ಲ ಬಾಯಿ, ಹೆಂಡತಿಯನ್ನು ಕೇಳಿ ಹೇಳ್ತೇನೆ" ಎಂದರು. ಅವರ ಹೆಂಡತಿ ಮದುವೆಗೆ ಹೋಗಿದ್ದರು, ಫೋನ್ ಮನೆಯಲ್ಲಿತ್ತು. ಕಾರ್ಕಳದ ಮಕ್ಕಳ ಪಟ್ಟಿಯಲ್ಲಿ ಕಾರ್ಕಳದಲ್ಲಿರುವ ಮನುಷ್ಯರೇ ಇರಲಿಲ್ಲ. ದಿಶಾಳ ವಿಳಾಸದ ಜಾಗದಲ್ಲಿ ಆನೆಕೆರೆ ಹತ್ತಿರ ಎಂದಷ್ಟೇ ಇತ್ತು. ಕೊನೆಗೆ ಕಾರ್ಕಳದಲ್ಲಿರುವ ನನ್ನ ಅತ್ತಿಗೆ ಫಿಲೋಮಿನಾಗೆ ಫೋನ್ ಮಾಡಿ, ರಿಕ್ಷಾ ಹಿಡಿದು ಆನೆಕೆರೆಗೆ ಹೋಗಿ ಮನೆ ಮನೆ ವಿಚಾರಿಸು, ಕುವೈತ್ ಉಮೇಶನ ಮನೆ ಎಂದು ಕೇಳು ಎಂದೆ. ಮಂಡಿ ನೋವಿನ ಹೆಂಗಸು, ಒಂದು ಮಾತು ಕೇಳದೆ ಹೊರಟಳು.

ನಾನು ಮಣಿಪಾಲದ ಆಸ್ಪತ್ರೆಗೆ ಓಡಿದೆ. ಲೋಕಣ್ಣ ಒದ್ದೆ ಬಟ್ಟೆಯಲ್ಲೇ ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದರು. ಒಳಗಿನಿಂದ ನರ್ಸ್ ಬಂದು, "ತಾಯಿ ಬಂದ್ರಾ?" ಎಂದು ಕೇಳಿದಳು. ಬರ್ತಾ ಇದ್ದಾರೆ ಎಂದೆ. ಆ ಹೊತ್ತಿಗೆ ಫಿಲೋಮಿನಾ ಇನ್ನೂ ಬೀದಿಯಲ್ಲಿ ಕೇಳುತ್ತಿದ್ದಳು. ನರ್ಸ್ ಮತ್ತೆ ಬಂದು ಕೇಳಿದಳು, ಮಗು ಕೇಳ್ತಾ ಇದೆ ಎಂದಳು. ಈಗ ಹೊರಟಿದ್ದಾರೆ ಎಂದೆ, ಅಷ್ಟರಲ್ಲಿ ಅದು ನಿಜವೂ ಆಗಿತ್ತು. ನಾನು ಒಳಗೆ ಹೋಗಲೇ ಎಂದು ಕೇಳಿದೆ, ನೀವು ಯಾರು ಎಂದಳು, ಕ್ಲಬ್ಬಿನವಳು ಎಂದೆ. ಒಳಗೆ ಬಿಡಲಿಲ್ಲ. ಮೂರನೆಯ ಸಲ ಅವಳು ಹೊರಗೆ ಬಂದಾಗ ತಾಯಿ ಬಂದರಾ ಎಂದು ಕೇಳಲಿಲ್ಲ.

ಸುಜಾತಾ ಬಂದದ್ದು ಅದಾದ ಮೇಲೆ. ಮನೆಯ ಸೀರೆಯಲ್ಲೇ ಬಂದಿದ್ದರು, ಕೈಯಲ್ಲಿ ಮೀನಿನ ವಾಸನೆ ಇತ್ತು. ಅತ್ತು ಕರೆದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಂತರ ನನ್ನ ತೋಳು ಹಿಡಿದು, "ನನಗೆ ಯಾಕೆ ಮೊದಲೇ ಹೇಳಲಿಲ್ಲ ಬಾಯಿ?" ಎಂದು ಕೇಳಿದರು. ಉತ್ತರ ಅವರಿಗೇ ನೆನಪಾಯಿತು. ತೋಳು ಬಿಟ್ಟರು.

"ಅವರ ನಂಬರ್ ಹಾಕಿ ಅಂತ ಹೇಳಿದ್ದು ನಾನೇ ಅಲ್ವಾ" ಎಂದರು.

ಆಗಲೇ ಅವರ ಚೀಲದಲ್ಲಿದ್ದ ಫೋನ್ ಹೊಡೆದುಕೊಂಡಿತು. ಕುವೈತಿನಿಂದ. ಘಟಕದಲ್ಲಿ ಊಟದ ಬಿಡುವು, ಫೋನ್ ಕೈಗೆ ಸಿಕ್ಕಿದೆ, ಮೆಸೇಜು ನೋಡಿದ್ದಾರೆ. "ಮಗಳಿಗೆ ಎಂತ ಆಯ್ತು? ಹೇಗಿದ್ದಾಳೆ?" ಎಂದು ಕೇಳುವ ದನಿ ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು. ಹೇಳುವ ಕೆಲಸ ಸುಜಾತಾ ಅವರ ಪಾಲಿಗೆ ಬಂತು. ನಾನು ದೇವರಲ್ಲಿ ನಂಬಿಕೆ ಇಟ್ಟವಳು, ಆ ಹೊತ್ತಿನಲ್ಲಿ ಅವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಸಮಿತಿಯ ಸಭೆ ಕರೆದರು. ನಿಖಿಲ್ ಬಂದಿದ್ದ, ಮುಖ ಎತ್ತಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಹೆಗ್ಡೆಯವರು ಪರದೆ ತೋರಿಸಿ, "ನೋಡಿ, ಸುದ್ದಿ ಅದೇ ನಿಮಿಷಕ್ಕೆ ತಲುಪಿದೆ. ವ್ಯವಸ್ಥೆಯಲ್ಲಿ ಲೋಪ ಇಲ್ಲ" ಎಂದರು.

"ತಲುಪಿದ್ದು ಪೆಟ್ಟಿಗೆಗೆ" ಎಂದೆ. "ತಾಯಿಯ ನಂಬರ್ ಇಲ್ಲದೆ ಯಾವ ಮಗುವನ್ನೂ ನಾನು ಸೇರಿಸುವುದಿಲ್ಲ. ಊರಲ್ಲಿರುವ ಇನ್ನೊಬ್ಬರದ್ದೂ ಬೇಕು."

"ಕಾರ್ಮಿನ್, ಅರ್ಜಿ ಉದ್ದ ಆದಷ್ಟು ಜನ ಅರ್ಧದಲ್ಲಿ ಬಿಟ್ಟು ಹೋಗ್ತಾರೆ."

"ಹೋಗಲಿ. ಜೀವ ಇಟ್ಟುಕೊಂಡು ಹೋಗ್ತಾರಲ್ಲ."

ಅದುವರೆಗೆ ಮಾತಾಡದ ನಿಖಿಲ್, "ನಾನು ಮಾಡ್ತೇನೆ ಮ್ಯಾಮ್" ಎಂದ. ಆ ಹುಡುಗನ ಬಗ್ಗೆ ನನಗೆ ಸಿಟ್ಟಿಲ್ಲ. ನಾವು ಹೇಳಿದ ಜಾಗಕ್ಕೆ ಅವನ ಯಂತ್ರ ತಪ್ಪದೆ ಹೋಯಿತು. ಅವನು ತಾಯಿಗೆ, ಊರಿನ ಇನ್ನೊಬ್ಬರಿಗೆ ಎಂದು ಹೊಸದಾಗಿ ಎರಡು ನಂಬರಿನ ಜಾಗ ಮಾಡಿದ, ಮೊದಲನೆಯವರು ಎತ್ತದಿದ್ದರೆ ಎರಡನೆಯವರಿಗೆ ತಾನಾಗಿಯೇ ಕರೆ ಹೋಗುವ ಹಾಗೆ ಮಾಡಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದೆವು. ಆದರೂ ಹಾಕಲೇಬೇಕಿತ್ತು, ಒಳಗೆ ಇನ್ನೂ ಮಕ್ಕಳಿದ್ದರು.

ಹಳೆಯ ಮಕ್ಕಳ ತಾಯಂದಿರ ನಂಬರ್ ಸಂಗ್ರಹಿಸುವುದು ನನ್ನ ಕೆಲಸವಾಯಿತು. ಹುಡುಗಿ, ನೀನು ಕೇಳಿದ ಮುಖ್ಯ ಕೆಲಸ ಇದು. ಅಷ್ಟು ದೊಡ್ಡ ದುರಂತ ಆದ ಮೇಲೂ ಹೆಂಗಸರು, "ಅವರನ್ನು ಒಂದು ಮಾತು ಕೇಳಿ ಕೊಡ್ತೇನೆ" ಎನ್ನುತ್ತಿದ್ದರು. ಇನ್ನು ಕೆಲವರು ತಾಯಿಯ ಜಾಗದಲ್ಲೂ ಗಂಡನ ಇನ್ನೊಂದು ನಂಬರನ್ನೇ ತುಂಬಿಸಿದರು. ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ, ಜಾಗ ತುಂಬಿದ್ದರೆ ಅದಕ್ಕೆ ಸಮಾಧಾನ. ಆದ್ದರಿಂದ ಪ್ರತಿ ನಂಬರಿಗೂ ಒಮ್ಮೆ ನಾನೇ ಫೋನ್ ಮಾಡುತ್ತಿದ್ದೆ. ಹೆಂಗಸಿನ ದನಿ ಕೇಳಬೇಕು, ಮನೆ ಎಲ್ಲಿ ಎಂದು ಅವಳ ಬಾಯಿಂದಲೇ ಕೇಳಬೇಕು, ಆಮೇಲೆಯೇ ಮಗುವಿನ ಹೆಸರು ಬಂಡೆಯ ಗುಂಪಿಗೆ. ನೀನೂ ಹಾಗೆಯೇ ಮಾಡು, ಚಹಾ ಆಮೇಲೆ ಕುಡಿ.

ಲೋಕಣ್ಣ ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಅವರದ್ದು ತಪ್ಪಿಲ್ಲ ಎಂದು ಪೊಲೀಸರೂ ಹೇಳಿದರು, ಉಮೇಶರೂ ಹೇಳಿದರು. "ತಪ್ಪಿನ ಪ್ರಶ್ನೆ ಅಲ್ಲ ಬಾಯಿ, ಮಕ್ಕಳು ಬಂಡೆ ಹತ್ತುವಾಗ ನನ್ನ ಕಾಲು ನಡುಗ್ತದೆ" ಎಂದರು. ಈಗ ಮನೆಯ ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಾರೆ. ಕೆಲವು ತಿಂಗಳು ಮುಚ್ಚಿದ್ದ ಕ್ಲಬ್ಬು ಮತ್ತೆ ತೆರೆಯಿತು. ಹೊಸ ಮಕ್ಕಳು ಬಂದರು, ಮೊದಲಿಗಿಂತ ಹೆಚ್ಚೇ ಬಂದರು. ತುರ್ತು ಕರೆಯ ಹೊಸ ಏರ್ಪಾಡನ್ನು ಜಾಹೀರಾತಿನಲ್ಲಿ ಹಾಕಿದ್ದರು, ಅದನ್ನು ನೋಡಿ ಧೈರ್ಯ ಬಂದು ಸೇರಿಸಿದೆವು ಎಂದು ಪೋಷಕರು ಹೇಳುತ್ತಿದ್ದರು. ಅದನ್ನು ಕೇಳಿ ನಾನು ಹೂಂ ಎನ್ನುತ್ತಿದ್ದೆ. ಬೇರೆ ಏನು ಹೇಳಲಿ?

ದಿಶಾಳ ಹೆಸರು ಆ್ಯಪ್‌ನಲ್ಲಿ ಹಾಗೆಯೇ ಇತ್ತು. ತೆಗೆಯಬೇಡಿ ಎಂದು ಉಮೇಶರೇ ಫೋನ್ ಮಾಡಿ ಕೇಳಿಕೊಂಡಿದ್ದರು. ಹೆಸರು ಇದ್ದರೆ ಎಲ್ಲ ಪೋಷಕರಿಗೆ ಹೋಗುವ ಮೆಸೇಜುಗಳೂ ಹೋಗುತ್ತವೆ. ಈ ಭಾನುವಾರ ಕಾಪು, ಮಗುವಿನ ಜೊತೆ ಟೋಪಿ ಮತ್ತು ಕುಡಿಯುವ ನೀರು ಕಳುಹಿಸಿ. ಇಂಥವು ವಾರ ವಾರ ಕುವೈತಿಗೆ ಹೋಗುತ್ತಿದ್ದವು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನನ್ನ ನಿವೃತ್ತಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಸುಜಾತಾ ಆಫೀಸಿಗೆ ಬಂದರು. ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಬೆವತಿದ್ದರು. ಕೂರಿಸಿ ನೀರು ಕೊಟ್ಟೆ. ಅವರ ಅತ್ತೆಯ ಆರೋಗ್ಯ ವಿಚಾರಿಸಿದೆ.

"ಬಾಯಿ, ಆ ಮೆಸೇಜುಗಳು ಅವರಿಗೆ ಹೋಗುವುದು ಬೇಡ. ಬಂದ ದಿನ ಅವರು ಊಟ ಮಾಡುವುದಿಲ್ಲವಂತೆ. ಕೋಣೆಯವರು ನನಗೆ ಫೋನ್ ಮಾಡಿ ಹೇಳಿದ್ರು."

"ಆಯ್ತು ಸುಜಾತಾ, ಈಗಲೇ ಹೆಸರು ತೆಗೆದುಬಿಡ್ತೇನೆ."

"ಹೆಸರು ತೆಗೆಯಬೇಡಿ. ತೆಗೆದರೆ ಅವರಿಗೆ ಗೊತ್ತಾದಾಗ ಇನ್ನೂ ಕಷ್ಟ. ನಂಬರ್ ಮಾತ್ರ ಬದಲು ಮಾಡಿ, ನನ್ನದು ಹಾಕಿ. ಅವರು ಅಲ್ಲಿ ಒಬ್ಬರೇ. ನನಗೆ ಇಲ್ಲಿ ಅತ್ತೆಯಾದರೂ ಇದ್ದಾರೆ. ನನಗೆ ಬರಲಿ."

ಅವರ ಜೊತೆ ವಾದಿಸುವ ಯೋಗ್ಯತೆ ನನಗಿರಲಿಲ್ಲ. ಅವರು ಒಂದೊಂದೇ ಅಂಕೆ ಹೇಳಿದರು, ನಾನು ಕುವೈತಿನದನ್ನು ಅಳಿಸಿ ಒಂದೊಂದೇ ಒತ್ತಿದೆ. ನಂಬರ್ ಬದಲಾದರೆ ಹೊಸ ನಂಬರಿಗೆ ತಾನಾಗಿಯೇ ಒಂದು ಮೆಸೇಜು ಹೋಗುತ್ತದೆ, ಅದನ್ನು ತಡೆಯುವುದು ನನಗೆ ಹೊಳೆಯಲಿಲ್ಲ. ಅವರ ಚೀಲದೊಳಗೆ ಫೋನ್ ಸಣ್ಣಗೆ ಸದ್ದು ಮಾಡಿತು. ಹೊರಗೆ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಅದರಲ್ಲಿ ಏನು ಬರೆದಿರುತ್ತದೆ ಎಂದು ನನಗೆ ಗೊತ್ತಿತ್ತು, ಆ ಸಾಲುಗಳನ್ನು ಬರೆದುಕೊಟ್ಟವಳು ನಾನೇ. ದಿಶಾಳ ಪೋಷಕರಾಗಿ ನಿಮ್ಮ ನಂಬರ್ ದಾಖಲಾಗಿದೆ, ಇನ್ನು ಮುಂದೆ ನಿಮ್ಮ ಮಗುವಿಗೆ ಏನೇ ಆದರೂ ಮೊದಲು ನಿಮಗೆ ತಿಳಿಸುತ್ತೇವೆ.

ಅವರು ಪೂರ್ತಿ ಓದಿ ಫೋನನ್ನು ಚೀಲದಲ್ಲಿಟ್ಟು ಎದ್ದರು.

"ಬಂತು ಬಾಯಿ" ಎಂದರು.